ಯಾಕಪ್ಪ ಓದಿಸಿಕೊಂಡ ಕಾಗದ

ಲಿಫ್ಟ್ ರಿಪೇರಿಯನ್ನೇ ಹೊಟ್ಟೆಪಾಡು ಮಾಡಿಕೊಂಡು ಇಪ್ಪತ್ತೊಂದು ವರ್ಷ ಕಳೆದಿರುವ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಲಿಫ್ಟ್ ಹತ್ತುವುದಿಲ್ಲ. ಕೆಲಸಕ್ಕೆಂದರೆ ಅದರ ನೆತ್ತಿಯ ಮೇಲೆ ನಿಂತು ಹತ್ತು ಮಹಡಿ ಏರಿ ಇಳಿದಾನು. ಆದರೆ ನೆಂಟರ ಮನೆಗೋ ಆಸ್ಪತ್ರೆಗೋ ಬಂದಾಗ, ಬಾಗಿಲು ತೆರೆದು ಕಾದಿರುವ ಲಿಫ್ಟನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಮಾತಿಲ್ಲದೆ ಮೆಟ್ಟಿಲ ಕಡೆ ತಿರುಗುತ್ತಾನೆ. ಭಯವೇನೋ ಎಂದು ನಾನೊಮ್ಮೆ ಕೆಣಕಿದ್ದೆ. ಭಯವಲ್ಲವಂತೆ, ಒಳಗೆ ನಿಂತರೆ ಅದರ ಸದ್ದು ಕಿವಿಗೆ ಬಿದ್ದು, ಈ ಸದ್ದು ಯಾಕೆ ಬರುತ್ತಿದೆ ಎಂದು ತಲೆ ಓಡತೊಡಗಿ, ಬಂದ ಕೆಲಸವೇ ಮರೆತುಹೋಗುತ್ತದಂತೆ.

ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿದೆ. ಅವನು ಬರುವುದು ಕದ ತಟ್ಟುವ ಮೊದಲೇ ನನಗೆ ತಿಳಿಯುತ್ತದೆ, ಯಾಕೆಂದರೆ ಆ ನಡಿಗೆ ಲೋಕದಲ್ಲಿ ಇನ್ನೊಬ್ಬರಿಗಿಲ್ಲ: ಬಲಗಾಲನ್ನು ಊರಿ, ಎಡಗಾಲನ್ನು ಅದರ ಪಕ್ಕಕ್ಕೆ ತಂದು ಸೇರಿಸಿ, ಪ್ರತಿ ತಿರುವಿನಲ್ಲೂ ಒಂದು ಗಳಿಗೆ ನಿಂತು, ಕತ್ತು ಓರೆ ಮಾಡಿ ಗೋಡೆಯಾಚೆಯ ತಂತಿಗಳ ಸದ್ದು ಆಲಿಸಿ, ತೃಪ್ತಿಯಾದ ಮೇಲೆ ಮುಂದಿನ ಮೆಟ್ಟಿಲಿಗೆ ಕಾಲಿಡುವ, ಅವಸರವೆಂಬುದನ್ನೇ ಅರಿಯದ ನಡಿಗೆ. ಆ ಭಾರವಾದ ಹೆಜ್ಜೆಗಳ ಹಿಂದೆ ಮುಂದೆ ಮೂರು ಜೊತೆ ಪುಟ್ಟ ಕಾಲುಗಳ ದಡಬಡ. ಎರಡು ಹೆಣ್ಣು, ಒಂದು ಗಂಡು. ಆ ದಡಬಡ ಕೇಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಇದು ಅವನ ಚಿತ್ರವಾಗುವುದಿಲ್ಲ, ಸನ್ಮಾನಪತ್ರವಾಗುತ್ತದೆ. ಸನ್ಮಾನಪತ್ರಗಳ ಕರಡನ್ನು ನಾನು ಬೇಕಾದಷ್ಟು ತಿದ್ದಿದ್ದೇನೆ, ಅವುಗಳಲ್ಲಿ ಮನುಷ್ಯ ಇರುವುದಿಲ್ಲ.

ಅವನ ಕೋಟಿನ ಬಗ್ಗೆ ಹೇಳಬೇಕು. ಕಂಪನಿ ಕೊಟ್ಟ ಬೂದುಬಣ್ಣದ, ಮೊಣಕಾಲು ಮುಟ್ಟುವ ಕೋಟು. ಅದಕ್ಕೆ ಮೂಲತಃ ನಾಲ್ಕು ಜೇಬು, ಉಳಿದ ಏಳನ್ನು ನನ್ನ ನಾದಿನಿ ಹಳೆಯ ಪರದೆಯ ಬಟ್ಟೆಯಲ್ಲಿ ಹೊಲಿದು ಸೇರಿಸಿದ್ದು. ಬಿರುಬಿಸಿಲಿನಲ್ಲೂ ಅದನ್ನು ಕಳಚಿದವನಲ್ಲ. ಯಾವ ಜೇಬಿನಲ್ಲಿ ಏನಿದೆಯೆಂದು ಅವನಿಗಿಂತ ಅವನ ಮಕ್ಕಳಿಗೆ ಚೆನ್ನಾಗಿ ಗೊತ್ತು. ಎದೆಯ ಬಳಿಯ ಜೇಬಿನಲ್ಲಿ ಮಾತ್ರ ಸದಾ ಒಗೆದು ಮಡಿಸಿದ ಒಂದು ಬಿಳಿ ಬಟ್ಟೆ ಇರುತ್ತದೆ. ಮಗುವನ್ನೋ ಕಾಗದವನ್ನೋ ಮುಟ್ಟುವ ಮೊದಲು ಅವನು ಹತ್ತೂ ಬೆರಳುಗಳನ್ನು ಒಂದೊಂದಾಗಿ ಅದರಲ್ಲಿ ಒರೆಸಿಕೊಳ್ಳುತ್ತಾನೆ. ಈ ಒರೆಸುವಿಕೆ ಮುಗಿಯುವವರೆಗೆ ಮಗು ಕೈಚಾಚಿ ಕಾಯುತ್ತದೆ, ನೋಡುವ ನಾನು ಹಲ್ಲು ಕಡಿಯುತ್ತೇನೆ.

ಮಾತು ಶುರುಮಾಡುವಾಗ ‘ತಪ್ಪು ತಿಳ್ಕೋಬೇಡಿ’ ಎನ್ನುವುದು ಅವನ ಚಟ. ಕೇಳಿದವರು ಏನೋ ಘೋರವಾದದ್ದು ಬರಲಿದೆ ಎಂದು ಎದೆ ಗಟ್ಟಿಮಾಡಿಕೊಂಡರೆ, ಮುಂದೆ ಬರುವುದು ಒಂದು ಲೋಟ ನೀರಿನ ಬೇಡಿಕೆ. ಅದಾದ ಮೇಲೆ ‘ಯಾಕೆ?’ ಎಂಬ ಪ್ರಶ್ನೆ. ನಮ್ಮಿಬ್ಬರ ಮಾವನವರು ಮದುವೆಯಾದ ಹೊಸದರಲ್ಲೇ ಇದನ್ನು ಕಂಡು, ಅಳಿಯನೆಂಬ ಮುಲಾಜಿಲ್ಲದೆ ಅವನಿಗೆ ಯಾಕಪ್ಪ ಎಂದು ಹೆಸರಿಟ್ಟರು, ಅದೇ ನಿಂತಿತು. ಕ್ಷೌರಿಕನ ಬಳಿ ಕೂತು, ಕೂದಲು ಹಿಡಿಯುವ ಮುನ್ನ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸುವುದು ಯಾಕೆಂದು ಕೇಳಿದನಂತೆ; ಮೂವತ್ತು ವರ್ಷ ಯೋಚನೆಯಿಲ್ಲದೆ ಕತ್ತರಿ ಆಡಿಸಿದ ಆ ಬಡಪಾಯಿ ಅಂದಿನಿಂದ ಅವನ ತಲೆಗೆ ಕೈಹಾಕುವಾಗ ತಡವರಿಸುತ್ತಾನೆ. ನಮ್ಮ ಮನೆಯ ಫ್ಯಾನು ಒಮ್ಮೆ ಕಿರುಗುಟ್ಟಿತೆಂದು, ಊಟಕ್ಕೆ ಬಂದವನು ಊಟ ಬಿಟ್ಟು ಅದನ್ನು ಬಿಚ್ಚಿ ಹಾಸಿಗೆಯ ಮೇಲೆ ಹರಡಿದ. ಎಣ್ಣೆ ಬಿಟ್ಟು ಜೋಡಿಸಿದರೆ ಸದ್ದು ನಿಲ್ಲುತ್ತಿತ್ತು. ಅವನಿಗೆ ಸದ್ದು ನಿಂತರೆ ಸಾಲದು, ಯಾಕೆ ಬಂತೆಂದು ತಿಳಿಯಬೇಕು. ಎರಡು ದಿನ ನಾವು ಬೆವರಿನಲ್ಲಿ ಮಲಗಿದೆವು. ನನ್ನ ಹೆಂಡತಿಗೆ ಸಿಟ್ಟು ಬರಲಿಲ್ಲ. ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನನ್ನ ಮಾತಿಗೆ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕುತ್ತ ನಾನು ಗೋಡೆ ಕಡೆ ತಿರುಗಿ ಮಲಗಿದೆ.

ನನ್ನ ಕಸುಬು ಕರಡು ತಿದ್ದುವುದು. ಪಠ್ಯಪುಸ್ತಕಗಳ ಮುದ್ರಣಾಲಯದ ಕಿಟಕಿಯಿಲ್ಲದ ಕೋಣೆಯಲ್ಲಿ, ಸಾಲಿನಡಿ ಉಕ್ಕಿನ ಅಳತೆಪಟ್ಟಿ ಇಟ್ಟುಕೊಂಡು, ಬರೆದವರು ಬರೆದದ್ದು ಬಿಟ್ಟುಹೋಗದಂತೆ, ಬರೆಯದ್ದು ಒಳನುಸುಳದಂತೆ ಕಾಯುವ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಪರರ ಬರಹಕ್ಕೆ ನಾನಾಗಿ ಒಂದು ಪದ ಸೇರಿಸಿದವನಲ್ಲ ಎಂಬ ಜಂಭ ನನ್ನದು. ಹೀಗಾಗಿ ನಮ್ಮ ಎರಡು ಮನೆಗಳಿಗೂ ಬರುವ ಕಾಗದಗಳನ್ನೆಲ್ಲ ಓದಿ ಅರ್ಥ ಹೇಳುವ ಹೊಣೆ ನನ್ನ ತಲೆಗೆ ಬಿದ್ದಿತ್ತು. ನನ್ನವಳು ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಊರವರ ವಿಳಾಸ ಓದಿ ಕಣ್ಣು ಸೋತು ಬರುತ್ತಾಳೆ. ಮನೆಯ ಕಾಗದ ನೀವೇ ನೋಡಿ ಎಂದು ಬಿಟ್ಟಿದ್ದಳು. ಯಾಕಪ್ಪನಂತೂ ಔಷಧಿಯ ಡಬ್ಬಿಯ ಚೀಟಿಯನ್ನೂ ಕೋಟಿನಲ್ಲಿಟ್ಟುಕೊಂಡು ನಾಲ್ಕು ಮಹಡಿ ಹತ್ತಿ ಬರುತ್ತಿದ್ದ. ಯಂತ್ರವಾದರೆ ತಾನು ಓದಬಲ್ಲೆ, ಅಕ್ಷರವಾದರೆ ಅಣ್ಣನೇ ಸರಿ ಎಂಬುದು ಅವನ ನಂಬಿಕೆ. ನನ್ನನ್ನು ಅವನು ಅಣ್ಣಾ ಎಂದೇ ಕರೆಯುವುದು.

ಈಗ ನನ್ನ ಕಾಗದದ ಕತೆ. ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಹೆಂಡತಿಯ ಪರೀಕ್ಷೆಗಳೆಲ್ಲ ಮುಗಿದು ಅವಳಲ್ಲಿ ಏನೂ ತೊಂದರೆಯಿಲ್ಲ ಎಂದಾದ ಮೇಲೆ, ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಎರಡು ಪರೀಕ್ಷೆ ಬರೆದುಕೊಟ್ಟರು: ಒಂದು ವೀರ್ಯದ್ದು, ಇನ್ನೊಂದು, ಆಗಾಗ ಸಣ್ಣದಾಗಿ ನೋಯುತ್ತದೆ ಎಂದು ನಾನು ಹೇಳಿದ್ದರಿಂದ, ವೃಷಣಗಳ ಸ್ಕ್ಯಾನು. ಸ್ಕ್ಯಾನಿನಲ್ಲಿ ಸುಮ್ಮನೆ ಮಲಗಿದ್ದರಾಯಿತು, ಅದಕ್ಕೇ ಮೊದಲು ಹೋದೆ. ತಣ್ಣನೆಯ ಅಂಟು ಹಚ್ಚಿ, ಸಾಬೂನಿನಂಥ ಒಂದು ತುಂಡನ್ನು ಅತ್ತಿತ್ತ ಆಡಿಸುತ್ತ ಸ್ಕ್ಯಾನ್ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದುಬಣ್ಣದ ಬಟ್ಟೆಯ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು. ಸುಣ್ಣದ ಕಣಗಳು, ಕೆಲವರಲ್ಲಿ ಇರುತ್ತವೆ, ಗಡ್ಡೆ ಏನಿಲ್ಲ, ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿ ಎಂದು ಹೇಳಿ ಕಳಿಸಿದರು. ಕಾಗದದ ಕೊನೆಯಲ್ಲೂ ಅದೇ ಇತ್ತು: ವೀರ್ಯ ಪರೀಕ್ಷೆಯ ಜೊತೆಗಿಟ್ಟು ನೋಡತಕ್ಕದ್ದು.

ಬೇರೆಲ್ಲೋ ನಾನು ಓದಿದ್ದೆ, ಮಕ್ಕಳಾಗದ ಗಂಡಸರಲ್ಲಿ ಈ ಚುಕ್ಕಿಗಳು ಹೆಚ್ಚಾಗಿ ಕಾಣುತ್ತವೆ ಎಂದು. ಅಷ್ಟು ಸಾಕಾಯಿತು. ಮನೆಗೆ ಬಂದವನೇ ಕಾಗದ ಮಡಿಸಿ, ಕಾರಣ ಸಿಕ್ಕಿತು, ಒಳಗೆ ಸುಣ್ಣ ಕಟ್ಟಿದೆ, ಇದಕ್ಕೆ ಮದ್ದಿಲ್ಲ ಎಂದುಬಿಟ್ಟೆ. ಹೆಂಡತಿ ಅತ್ತಳು. ಆಮೇಲೆ ನನ್ನ ತಲೆ ಸವರಿ, ಹೋಗಲಿ ಬಿಡಿ, ನೀವೇನು ಬೇಕೆಂದು ಮಾಡಿಕೊಂಡಿರಾ ಎಂದಳು. ಮಾದರಿಗೆಂದು ಲ್ಯಾಬಿನವರು ಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ ನನ್ನ ಮೇಜಿನ ಖಾನೆಯಲ್ಲಿ ಹಳೆಯ ಪೆನ್ನುಗಳ ಹಿಂದೆ ಸೇರಿತು. ನಿಜ ಹೇಳುತ್ತೇನೆ: ಆ ಡಬ್ಬಿ ಕೊಡುವ ಅಂಕಿಗೆ ನಾನು ಹೆದರಿದ್ದೆ. ಸೊನ್ನೆ ಎಂದು ಬಂದರೆ? ಚುಕ್ಕಿಗಳಿಗಾದರೆ ಅಂಕಿಯಿಲ್ಲ, ಕಲ್ಲು ಕಟ್ಟಿದೆ ಎಂದರೆ ಏನೋ ಗಾಂಭೀರ್ಯವಿದೆ, ಅಪಘಾತಕ್ಕೆ ಸಿಕ್ಕವನ ಮರ್ಯಾದೆಯಿದೆ. ಎರಡು ವರ್ಷ ನಾನು ಆ ಮರ್ಯಾದೆಯಲ್ಲಿ ಬಾಳಿದೆ. ಹೆಂಡತಿ ಡಾಕ್ಟರ ಬಳಿ ಹೋಗುವುದನ್ನು ನಿಲ್ಲಿಸಿದಳು. ಕೇಳಿದವರಿಗೆಲ್ಲ, ತನ್ನ ತಾಯಿಗೂ ತಂಗಿಗೂ ಕೂಡ, ತೊಂದರೆ ತನ್ನಲ್ಲೇ ಇದೆ ಎಂದು ಹೇಳಿ ನನ್ನನ್ನು ಕಾಪಾಡಿದಳು. ನಾನು ತುಟಿಪಿಟಕ್ಕೆನ್ನದೆ ಕಾಪಾಡಿಸಿಕೊಂಡೆ.

ಹೀಗಿರುವಾಗ ಕಳೆದ ವರ್ಷ, ಯಾವುದೋ ಕಟ್ಟಡದ ಮಾಳಿಗೆಯ ಮೋಟಾರು ಕೋಣೆಯಲ್ಲಿ ಯಾಕಪ್ಪನ ಕೈಯಿಂದ ಜಾರಿದ ಕಬ್ಬಿಣದ ಸನ್ನೆಗೋಲು ತಿರುಗಿ ಬಂದು ಅವನ ತೊಡೆಸಂದಿಗೆ ಬಡಿಯಿತು. ಊತ ಬಂತು, ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಊತ ಇಳಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಹೆಂಡತಿಯನ್ನೂ ಮೂರು ಮಕ್ಕಳನ್ನೂ ಕಟ್ಟಿಕೊಂಡು ಕಾಗದ ಓದಿಸಲು ಬಂದ. ಅಕ್ಕತಂಗಿಯರು ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದರು, ದೊಡ್ಡ ಮಕ್ಕಳಿಬ್ಬರೂ ಅವರ ಜೊತೆಗಿದ್ದರು. ಕಿರಿಯ ಹುಡುಗಿ ಅಪ್ಪನ ತೊಡೆಯ ಮೇಲೆ ಕೂತು ಕೋಟಿನ ಐದನೆಯ ಜೇಬಿಗೆ ಕೈಹಾಕಿ ಹುಡುಕುತ್ತಿತ್ತು.

ಸಾಲಿನಡಿ ಅಳತೆಪಟ್ಟಿ ಇಟ್ಟು ಓದತೊಡಗಿದೆ. ಎರಡೂ ವೃಷಣಗಳಲ್ಲಿ ಹರಡಿರುವ ಸೂಕ್ಷ್ಮ ಸುಣ್ಣದ ಕಣಗಳು, ಗಡ್ಡೆ ಇಲ್ಲ, ರಕ್ತಸಂಚಾರ ಸರಿಯಿದೆ. ಅದೇ ಸ್ಕ್ಯಾನ್ ಡಾಕ್ಟರು, ಅದೇ ಪದಗಳು, ಅಲ್ಪವಿರಾಮವೂ ಬದಲಾಗಿರಲಿಲ್ಲ. ನನ್ನ ಕಾಗದವನ್ನೇ ಯಾರೋ ಎತ್ತಿ ಅವನ ಹೆಸರು ಹಾಕಿ ಕೊಟ್ಟಂತಿತ್ತು. ಅದೇ ರವೆ ಅವನೊಳಗೂ ಚೆಲ್ಲಿದೆ, ಅವನಿಗೆ ಮೂರು ಮಕ್ಕಳು! ನನ್ನೊಳಗೆ ಏನಾಯಿತೆಂದು ಹೇಳಲು ಹೊಟ್ಟೆಕಿಚ್ಚು ಎಂಬ ಪದ ಚಿಕ್ಕದು. ಅವನ ಮಕ್ಕಳ ಮೇಲೆ ನನಗೆ ಮೊದಲಿಂದಲೂ ಹೊಟ್ಟೆಕಿಚ್ಚಿತ್ತು. ಆದರೆ ನನಗೊಂದು ಕಾರಣವಿದೆ, ಅವನಿಗಿಲ್ಲ ಎಂಬ ಸಮಾಧಾನವೂ ಇತ್ತು. ಈಗ ನನ್ನ ಕಾರಣವನ್ನೂ ಅವನು ತನ್ನದಾಗಿಸಿಕೊಂಡು, ಅದನ್ನಿಟ್ಟುಕೊಂಡೇ ಮೂರು ಸಲ ತಂದೆಯಾಗಿ, ನನ್ನೆದುರು ಕೂತು ಬೆರಳು ಒರೆಸಿಕೊಳ್ಳುತ್ತಿದ್ದ.

ಓದುವ ದನಿಯನ್ನು ಬದಲಿಸದೆ, ಅಳತೆಪಟ್ಟಿಯನ್ನು ಖಾಲಿ ಜಾಗದ ಕೆಳಗೆ ಸರಿಸಿ, ನಾನು ಇನ್ನೊಂದು ಸಾಲು ಓದಿದೆ. “ಇಂಥ ಕಣಗಳಿರೋ ಗಂಡಸ್ರಿಗೆ ಮಕ್ಕಳಾಗೋ ಸಾಧ್ಯತೆ ಇಲ್ಲ.”

ಹತ್ತೊಂಬತ್ತು ವರ್ಷದಲ್ಲಿ ನಾನು ಪರರ ಬರಹಕ್ಕೆ ಸೇರಿಸಿದ ಮೊದಲ ಸಾಲು ಅದು. ಅದರ ಅರ್ಥ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಓದುವಾಗಲೇ ನನಗೆ ಗೊತ್ತಿತ್ತು. ಮಾಳಿಗೆಯಲ್ಲಿ ಬಟ್ಟೆ ಹಿಂಡುತ್ತಿದ್ದ ನನ್ನ ನಾದಿನಿಗೆ, ನನಗೆ ಎಂದೂ ಒಂದು ಕೆಟ್ಟ ಮಾತಾಡದ ಆ ಹೆಣ್ಣುಮಗಳಿಗೆ, ಅದು ಎಂಥ ಮಾತು ಎಂಬುದೂ ಗೊತ್ತಿತ್ತು. ಯಾಕಪ್ಪ ಮಗುವಿನ ತಲೆ ನೋಡಿದ. ಮಗು ಜೇಬಿನಿಂದ ಬೋಲ್ಟಿನ ಒಂದು ವಾಷರ್ ಬಿಲ್ಲೆ ತೆಗೆದು ಅವನ ಬೆರಳಿಗೆ ತೊಡಿಸಲು ಹೆಣಗುತ್ತಿತ್ತು. ಅವನು ‘ಯಾಕೆ’ ಎನ್ನಲಿಲ್ಲ. ಆ ಪ್ರಶ್ನೆ ಬಾರದೆ ಅವನು ಎದ್ದುಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಾಗದವನ್ನು ನಾಲ್ಕಾಗಿ ಮಡಿಸಿ ಬಿಳಿ ಬಟ್ಟೆಯ ಜೇಬಿನಲ್ಲಿಟ್ಟುಕೊಂಡು, ಮಗುವನ್ನೆತ್ತಿಕೊಂಡು ಹೊರಟ.

ಸೋಮವಾರ, ಮಂಗಳವಾರ, ಬುಧವಾರ. ಮುದ್ರಣಾಲಯದಲ್ಲಿ ನನ್ನ ಕಣ್ಣೆದುರೇ ತಪ್ಪುಗಳು ಸಾಲುಗಟ್ಟಿ ದಾಟಿಹೋದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಫೋನು ಬಡಿದರೆ ಬೆಚ್ಚುತ್ತಿದ್ದೆ. ತಂಗಿ ಮನೆಯಲ್ಲಿ ಜಗಳವಾಗಿದೆ ಎಂದು ಹೆಂಡತಿ ಹೇಳುವಳೆಂದು ಕಾದೆ. ಹೆದರಿ ಕಾದೆನೋ, ಆಸೆಯಿಂದ ಕಾದೆನೋ ಎಂದು ಯಾರಾದರೂ ಕೇಳಿದ್ದರೆ ಉತ್ತರ ಕೊಡಲು ನನಗೆ ನಾಚಿಕೆಯಾಗುತ್ತಿತ್ತು. ಆ ಮನೆಯ ನಗು ಒಂದು ದಿನದ ಮಟ್ಟಿಗಾದರೂ ನಿಲ್ಲಲಿ ಎಂದು ಒಳಗೊಬ್ಬ ಹಾರೈಸುತ್ತಿದ್ದ, ಅವನಿಗೂ ನನಗೂ ಹೆಸರು ಒಂದೇ.

ಗುರುವಾರ ಸಂಜೆ ಮೆಟ್ಟಿಲ ಮೇಲೆ ಆ ನಡಿಗೆ ಕೇಳಿಸಿತು. ಜೊತೆಗೆ ಪುಟ್ಟ ಕಾಲುಗಳಿರಲಿಲ್ಲ. ಬಂದವನೇ ಕೂತು, ತಪ್ಪು ತಿಳ್ಕೋಬೇಡಿ ಎಂದ. ಆದರೆ ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬಿಚ್ಚಿದ ಯಂತ್ರದ ದೋಷ ಸಿಕ್ಕಾಗ ಬರುವ ಗೆಲುವಿತ್ತು. ರಜೆ ಹಾಕಿ ಸ್ಕ್ಯಾನ್ ಡಾಕ್ಟರ ಬಳಿ ಹೋಗಿದ್ದನಂತೆ. ಆ ಕಟ್ಟಡದ ಲಿಫ್ಟು ಅವನ ಉಸ್ತುವಾರಿಯದೇ ಆದ್ದರಿಂದ ಅವರು ಕೂರಿಸಿ ಮಾತಾಡಿದರಂತೆ. ಅವನು ಕೇಳಿದ ಯಾಕೆಗಳಿಗೆಲ್ಲ ಉತ್ತರ ಪಡೆದುಕೊಂಡೇ ಎದ್ದಿದ್ದ: ಚುಕ್ಕಿ ಇದ್ದ ಮಾತ್ರಕ್ಕೆ ಮಕ್ಕಳಾಗುವುದಿಲ್ಲ ಎಂದೇನಿಲ್ಲ, ಮಕ್ಕಳೊಂದಿಗರಲ್ಲೂ ಬೇಕಾದಷ್ಟು ಜನಕ್ಕೆ ಇವೆ, ಅವರು ಸ್ಕ್ಯಾನಿಗೆ ಬರುವುದಿಲ್ಲವಾದ್ದರಿಂದ ಗೊತ್ತಾಗುವುದಿಲ್ಲ, ಮಕ್ಕಳಿಲ್ಲವೆಂದು ಬಂದವರಲ್ಲಿ ಹೆಚ್ಚು ಕಾಣುವುದು ನಿಜವಾದರೂ, ಚುಕ್ಕಿಯೇ ಕಾರಣವೋ, ಬೇರೆ ಯಾವುದೋ ತೊಂದರೆಯ ಜೊತೆಗೆ ಅದೂ ಬಂದಿದೆಯೋ ಯಾರೂ ಖಚಿತವಾಗಿ ಹೇಳಲಾರರು, ತಿಳಿಯಬೇಕಾದರೆ ವೀರ್ಯ ಪರೀಕ್ಷೆಯೊಂದೇ ದಾರಿ. ಅವನಿಗೆ ಬೇರೆ ತೊಂದರೆಯಿಲ್ಲದ್ದರಿಂದ ಸ್ನಾನ ಮಾಡುವಾಗ ತಿಂಗಳಿಗೊಮ್ಮೆ ಕೈಯಿಂದ ಮುಟ್ಟಿ ನೋಡಿಕೊಂಡರೆ ಸಾಕು, ಗಂಟು ಸಿಕ್ಕರೆ ಮಾತ್ರ ಬರಬೇಕು. ಇಷ್ಟನ್ನೂ ಒಪ್ಪಿಸಿದ ಮೇಲೆ ಅವನು ಆ ಕಾಗದವನ್ನು ಹೊರತೆಗೆದು ಮೇಜಿನ ಮೇಲೆ ಬಿಡಿಸಿಟ್ಟ.

“ಅಣ್ಣಾ, ಆ ಕೊನೇ ಸಾಲು ಇದ್ರಲ್ಲಿ ಇಲ್ವಂತೆ. ಡಾಕ್ಟ್ರು ಎರಡು ಸಲ ಓದಿ ನೋಡಿದ್ರು. ನೀವು ಇಲ್ಲದ್ದನ್ನ ಓದೋರಲ್ಲ. ಹಾಗಿದ್ರೆ ಬೇರೆ ಯಾವ್ದೋ ಕಾಗದದಲ್ಲಿ ಓದಿರೋದು ಬಾಯಿಗೆ ಬಂದಿರ್ಬೇಕು. ನಿಮ್ಮದೂ ಇಂಥದ್ದೇ ಒಂದು ಕಾಗದ ಇದ್ಯಾ?”

ನಾನು ಸುಮ್ಮನಿದ್ದದ್ದನ್ನು ಅವನು ಹೌದು ಎಂದು ಓದಿಕೊಂಡ. ಅಕ್ಷರ ಓದಲಾರೆ ಎನ್ನುವವನು ಅದನ್ನು ಮಾತ್ರ ಸರಿಯಾಗಿ ಓದಿದ.

“ಇದ್ರೆ ಹೆದರ್ಬೇಡಿ. ನಿಮ್ಮ ಹೆಸ್ರು ಹೇಳ್ದೆ ನಿಮ್ಮ ಪರವಾಗೂ ಕೇಳ್ಕೊಂಡು ಬಂದೆ. ಆ ಇನ್ನೊಂದು ಪರೀಕ್ಷೆ ಏನು ಬಂತು?”

ಬಾಗಿಲಲ್ಲಿ ಚಹಾದ ಲೋಟಗಳನ್ನು ಹಿಡಿದು ನಿಂತಿದ್ದ ನನ್ನ ಹೆಂಡತಿ ಕೇಳಿದಳು. “ಯಾವ ಇನ್ನೊಂದು ಪರೀಕ್ಷೆ?”

ಅವಳು ಲೋಟಗಳನ್ನು ಕೆಳಗಿಟ್ಟು, ನನ್ನ ಖಾನೆ ತೆಗೆದು, ಎರಡು ವರ್ಷದ ಹಿಂದಿನ ಕಾಗದವನ್ನು ಹುಡುಕಿ, ಬೆರಳಿಟ್ಟು ಕೊನೆಯ ಸಾಲಿನವರೆಗೂ ಓದಿದಳು. ಪ್ಲಾಸ್ಟಿಕ್ ಡಬ್ಬಿಯೂ ಸಿಕ್ಕಿತು, ಅದರ ಚೀಟಿಯ ಮೇಲೆ ನನ್ನ ಹೆಸರು ಆಗಲೇ ಬರೆದಾಗಿತ್ತು. ಅವಳು ಕೂಗಾಡಲಿಲ್ಲ. “ಎರಡು ವರ್ಷ ನಾನು ನಿಮಗೆ ಸಮಾಧಾನ ಹೇಳಿದ್ದೀನಿ,” ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ನೀರು ಬಹಳ ಹೊತ್ತು ಹರಿಯಿತು.

ತಾನು ಏನು ಮಾಡಿದೆನೆಂದು ಯಾಕಪ್ಪನಿಗೆ ಅರ್ಥವಾಗಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ನಾನಾಗಿದ್ದರೆ ಅಲ್ಲಿಂದ ಜಾರಿಕೊಳ್ಳುತ್ತಿದ್ದೆ. ಅವನು ಆರಿದ ಚಹಾವನ್ನು ಕುಡಿದು ಮುಗಿಸಿ, ಲ್ಯಾಬು ಬೆಳಿಗ್ಗೆ ಏಳೂವರೆಗೆ ತೆರೆಯುತ್ತದೆ, ಜೊತೆಗೆ ತಾನೂ ಬರುತ್ತೇನೆ ಎಂದ. ಬಂದ ಕೂಡ. ಒಳಗೆ ಬಚ್ಚಲಿನಷ್ಟು ಕೋಣೆಯಲ್ಲಿ ಡಬ್ಬಿ ಹಿಡಿದುಕೊಂಡು ನಾನು ಅವಮಾನದಿಂದ ಬೇಯುತ್ತಿದ್ದರೆ, ಹೊರಗಿನ ಬೆಂಚಿನಿಂದ ಅವನ ದನಿ ಕೇಳುತ್ತಿತ್ತು: ಮಾದರಿಯನ್ನು ಒಂದು ಗಂಟೆಯೊಳಗೇ ನೋಡಬೇಕು ಅಂತೀರಲ್ಲ, ಯಾಕೆ? ಲ್ಯಾಬಿನ ಹೆಣ್ಣುಮಗಳು ತಾಳ್ಮೆಯಿಂದ ವಿವರಿಸುತ್ತಿದ್ದಳು. ನನಗೆ ಅಲ್ಲಿ ನಗು ಬಂತು, ನಕ್ಕ ಮೇಲೆ ಕೆಲಸ ಸಲೀಸಾಯಿತು. ಅದಕ್ಕೂ ಅವನಿಗೇ ಋಣಿಯಾಗಬೇಕಾಯಿತಲ್ಲ ಎಂದು ಮತ್ತೆ ಉರಿಯಿತು.

ಬಂದ ಅಂಕಿ ಸೊನ್ನೆಯಲ್ಲ. ಇರಬೇಕಾದ್ದಕ್ಕಿಂತ ಬಹಳ ಕಡಿಮೆ, ಚಲನೆಯೂ ಮಂದ. ಆದರೆ ದಾರಿಗಳಿವೆ ಎಂದರು ಡಾಕ್ಟರು. ನನ್ನಂಥವರಿಗೆ ವರ್ಷಕ್ಕೊಮ್ಮೆ ಸ್ಕ್ಯಾನು ಮಾಡಿಸುವುದು ಒಳ್ಳೆಯದಂತೆ. ಆ ವಿಷಯದಲ್ಲೂ ಯಾಕಪ್ಪನೇ ಪಾರಾದ. ಆಮೇಲೆ ಹೆಂಡತಿಯ ವಯಸ್ಸು ಕೇಳಿದರು. ಮೂವತ್ತೆಂಟು ಎಂದಳು. ಅವರು ಪೆನ್ನು ಕೆಳಗಿಟ್ಟು, ಎರಡು ವರ್ಷ ಮುಂಚೆ ಬಂದಿದ್ದರೆ ಚೆನ್ನಾಗಿತ್ತು, ಇರಲಿ, ಈಗ ತಡಮಾಡುವುದು ಬೇಡ ಎಂದರು. ಆ ‘ಇರಲಿ’ಯನ್ನು ನನ್ನ ಹೆಂಡತಿ ಮನೆಯವರೆಗೂ ಹೊತ್ತು ತಂದಳು. ಚಿಕಿತ್ಸೆ ಶುರುವಾಗಿ ಹನ್ನೊಂದು ತಿಂಗಳಾಯಿತು. ಎರಡು ಸಲ ಆಸೆ ಹುಟ್ಟಿ ಎರಡು ಸಲವೂ ಆರಿತು. ಈಗ ಕಾಗದಗಳನ್ನೆಲ್ಲ ಅವಳೇ ಓದುತ್ತಾಳೆ. ಅವನ ಮಕ್ಕಳು ಇವತ್ತಿಗೂ ದಡಬಡ ಮೆಟ್ಟಿಲು ಹತ್ತಿ ಬರುತ್ತವೆ, ನನಗೆ ಇವತ್ತಿಗೂ ಉರಿಯುತ್ತದೆ. ಮನುಷ್ಯ ಅಷ್ಟು ಬೇಗ ಒಳ್ಳೆಯವನಾಗುವುದಿಲ್ಲ.

ನಾನು ಓದಿದ ಆ ಸಾಲನ್ನು ಅವನು ತನ್ನ ಹೆಂಡತಿಯ ಕಿವಿಗೆ ಹಾಕಲೇ ಇಲ್ಲ ಎಂಬುದು ನಿಧಾನವಾಗಿ ನನಗೆ ಖಾತ್ರಿಯಾಯಿತು. ಒಂದು ದಿನ ಮೆಟ್ಟಿಲಿಳಿಯುವಾಗ, ಎರಡನೇ ಮಹಡಿಯ ತಿರುವಿನಲ್ಲಿ ಅವನು ಕತ್ತು ಓರೆ ಮಾಡಿ ನಿಂತಿದ್ದಾಗ, ತಡೆಯಲಾರದೆ ಕೇಳಿಬಿಟ್ಟೆ. ಆ ಸಾಲು ಇಲ್ಲದ್ದು, ನಾನೇ ಸೇರಿಸಿದ್ದು ಎಂದು ಒಪ್ಪಿಕೊಂಡು, “ಆ ಮೂರು ದಿನ ನಿನಗೆ ಅನುಮಾನ ಬರ್ಲಿಲ್ವಾ?” ಎಂದೆ.

ಯಾಕೆ ಸೇರಿಸಿದಿರಿ ಎಂದು ಕೇಳುತ್ತಾನೆಂದು ಕಾದೆ, ಕೇಳಲಿಲ್ಲ.

“ಬಂತಣ್ಣ,” ಎಂದ. “ಬಂದಿದ್ದಕ್ಕೇ ಹೋಗಿ ಕೇಳ್ದೆ.”

ಅವನ ಮೂವರು ಮಕ್ಕಳಿಗಿಂತ ಹೆಚ್ಚಾಗಿ ಈ ಎರಡು ಮಾತಿಗೆ ನಾನೀಗ ಕರುಬುತ್ತೇನೆ. ಇಂಥವರನ್ನು ನಾವು ಓದು ಬರಹ ಬಲ್ಲವರು ಮುಗ್ಧರೆಂದು ಕರೆದು ಸುಮ್ಮನಾಗುತ್ತೇವೆ. ಮುಗ್ಧರಾಗಿದ್ದರೆ ಅವರಿಗೆ ಅನುಮಾನವೇ ಬರಬಾರದಿತ್ತು. ಬರುತ್ತದೆ, ನಮಗೆ ಬಂದಷ್ಟೇ ಕರಾಳವಾಗಿ ಬರುತ್ತದೆ. ಅವರು ಅದರ ಕೈಹಿಡಿದು ಬಲ್ಲವರ ಮುಂದೆ ಕರೆದೊಯ್ದು ನಿಲ್ಲಿಸಿ, ನಿಜವೋ ಸುಳ್ಳೋ ಕೇಳಿ, ಸಂಜೆಯೊಳಗೆ ಮನೆಗೆ ಬಂದು ಮಕ್ಕಳನ್ನೆತ್ತಿಕೊಳ್ಳುತ್ತಾರೆ. ನನ್ನಂಥವರು ಅದಕ್ಕೆ ಮನೆಯಲ್ಲೇ ಒಂದು ಕೋಣೆ ಬಿಟ್ಟುಕೊಟ್ಟು, ಅದರ ಬಾಡಿಗೆಯನ್ನು ಹೆಂಡತಿಯ ವಯಸ್ಸಿನಲ್ಲಿ ಕಟ್ಟುತ್ತೇವೆ.